ಹಸೆಗೋಡೆ ಬಾಡಿಗೆಗೆ ಸಿಗುವುದಲ್ಲ

ಮದುವೆ ಮುಗಿದ ಮರುದಿನ ಬೆಳಿಗ್ಗೆ ಯಾವುದಾದರೂ ಕಲ್ಯಾಣ ಮಂಟಪದ ಹಿಂಬದಿಗೆ ಹೋಗಿ ನೋಡಿ. ಸಂಜೆಗೆ ಇನ್ನೊಬ್ಬರ ರಿಸೆಪ್ಷನ್ ಇರುತ್ತದೆ, ಅಷ್ಟರೊಳಗೆ ಎಲ್ಲ ಖಾಲಿಯಾಗಬೇಕು. ನಿನ್ನೆಯ ವೇದಿಕೆ ಕಾಂಪೌಂಡಿನ ಬುಡದಲ್ಲಿ ರಾಶಿ ಬಿದ್ದಿರುತ್ತದೆ. ಗಂಡು ಹೆಣ್ಣಿನ ಹೆಸರು ಕೊರೆದ ಥರ್ಮಾಕೋಲ್, ಕತ್ತು ಮುರಿದ ಥರ್ಮಾಕೋಲ್ ನವಿಲು, ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಎಲೆ, ಇಬ್ಬರ ನಗುಮುಖದ ಫ್ಲೆಕ್ಸ್, ಹೂ ಚುಚ್ಚಿದ್ದ ಹಸಿರು ಸ್ಪಂಜು. ಆ ಸ್ಪಂಜು ಮಣ್ಣಲ್ಲಿ ಕೊಳೆಯುವ ವಸ್ತುವಲ್ಲ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಪ್ಲಾಸ್ಟಿಕ್ ಅದು, ಪುಡಿಪುಡಿಯಾಗಿ ಚರಂಡಿಗೆ ಇಳಿದು ಕೆರೆ ಸೇರುತ್ತದೆ. ಎಷ್ಟೋ ಕಡೆ ಈ ರಾಶಿಗೆ ಅಲ್ಲೇ ಬೆಂಕಿ ಇಡುತ್ತಾರೆ. ಅಗ್ನಿಯನ್ನು ಸಾಕ್ಷಿಯಿಟ್ಟುಕೊಂಡು ಕೈ ಹಿಡಿದವರ ಮದುವೆಯಲ್ಲಿ ಕೊನೆಗೆ ಉರಿಯುವ ಬೆಂಕಿ ಇದು ಎಂದು ನೆನೆದರೆ ನನಗೆ ಹೊಟ್ಟೆ ಕಿವುಚುತ್ತದೆ.

ಗೊತ್ತಿಲ್ಲದೆ ನಡೆಯುತ್ತಿದೆ ಎನ್ನುವ ಹಾಗೂ ಇಲ್ಲ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಹೆಸರು ಹಿಡಿದೇ ಇದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇದೆ, ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಆದರೂ ನಾಲ್ಕು ಜನ ದೊಡ್ಡವರು ಬಂದು ಅಕ್ಷತೆ ಹಾಕುವ ಜಾಗದಲ್ಲೇ ನಿಷೇಧಿತ ವಸ್ತು ಬೆನ್ನ ಹಿಂದೆ ಹೊಳೆಯುತ್ತಿರುತ್ತದೆ. ಅಧಿಕಾರಿಗಳೂ ಅದರ ಮುಂದೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾನೂನಿನಿಂದ ಆಗದ ಈ ಕೆಲಸವನ್ನು ನಮ್ಮ ನಮ್ಮ ಮನಸ್ಸಾಕ್ಷಿಯೇ ಮಾಡಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಸದ್ದೊಂದೇ ಮಾತಾಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಕಸವನ್ನು ಎತ್ತಬಹುದು. ಮದುವೆಯಲ್ಲಿ ಕೈಗಳಿಗೆ ಕೆಲಸವಿಲ್ಲದೆ ಹೋಗಿದೆಯಲ್ಲ, ಅದನ್ನು ಸರಿಮಾಡುವುದು ಕಷ್ಟ. ಚಿಕ್ಕಪ್ಪ, ಸೋದರಮಾವ, ಅತ್ತೆ ಮಕ್ಕಳು, ಓರಗಿತ್ತಿಯರು, ಪಕ್ಕದ ಮನೆಯವರು ಎಲ್ಲರೂ ಈಗ ನೆಂಟರಲ್ಲ, ಪ್ರೇಕ್ಷಕರು. ಸಾಲಾಗಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ, ಕ್ಯೂನಲ್ಲಿ ನಿಂತು ಕವರ್ ಕೊಡುತ್ತಾರೆ, ಊಟ ಮಾಡಿ ಹೊರಡುತ್ತಾರೆ. ಆ ಮದುವೆಗೆ ಅವರು ಏನೂ ಮಾಡಿಲ್ಲ. ಮಾಡುವುದಕ್ಕೆ ಅಲ್ಲಿ ಏನೂ ಉಳಿದಿರಲೂ ಇಲ್ಲ.

ಚಪ್ಪರದ ದಿನ ಎಂದು ಒಂದು ದಿನವೇ ಇತ್ತು. ಉತ್ತರ ಕರ್ನಾಟಕದಲ್ಲಿ ಹಂದರ ಎನ್ನುತ್ತಾರೆ, ಅಲ್ಲಿ ಹಾಲುಗಂಬ ನಿಲ್ಲಿಸುವುದೇ ಒಂದು ಶಾಸ್ತ್ರ. ಮಲೆನಾಡಾದರೆ ಅಡಕೆ ದಬ್ಬೆ, ಸೋಗೆ. ಬಯಲುಸೀಮೆಯಾದರೆ ತೆಂಗಿನ ಗರಿ. ಗಂಡಸರು ಕಂಬ ನೆಡುತ್ತಿದ್ದರು, ಹುಡುಗರು ಮಾವಿನ ಮರ ಹತ್ತುತ್ತಿದ್ದರು. ಎಲೆಯ ತೊಟ್ಟನ್ನು ಹುರಿಯ ಮೇಲೆ ಮಡಚಿ ತೆಂಗಿನ ಕಡ್ಡಿ ಚುಚ್ಚಿ ತೋರಣ ಮಾಡುವುದನ್ನು ಎಂಟು ವರ್ಷದ ಮಗು ಒಂದು ಗಳಿಗೆಯಲ್ಲಿ ಕಲಿಯುತ್ತಿತ್ತು. ಹೂ ಕಟ್ಟುವವರು ಒಂದು ಕಡೆ, ವೀಳ್ಯದೆಲೆ ಒರೆಸಿ ಜೋಡಿಸುವವರು ಇನ್ನೊಂದು ಕಡೆ. ಇವತ್ತು ನಿಮ್ಮ ಮನೆ ಚಪ್ಪರಕ್ಕೆ ನಾನು ಬಂದರೆ ನಾಳೆ ನಮ್ಮ ಮನೆ ಚಪ್ಪರಕ್ಕೆ ನೀವು ಬರಬೇಕು ಎನ್ನುವ ಮುಯ್ಯಿ ಇತ್ತು. ಮುನಿಸಿಕೊಂಡ ಅಣ್ಣತಮ್ಮಂದಿರು ಎಷ್ಟೋ ಸಲ ಮಾತು ಕೂಡಿದ್ದು ಇಂಥ ಚಪ್ಪರದ ಕೆಳಗೆ, ಹಗ್ಗದ ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದಾಗ. ಸ್ಟೇಜಿನ ಎದುರಿನ ಕುರ್ಚಿಯಲ್ಲಿ ಕೂತು ಯಾರೂ ರಾಜಿಯಾದದ್ದನ್ನು ನಾನು ಕಂಡಿಲ್ಲ.

ಸಾಗರ, ಸೊರಬ, ಶಿಕಾರಿಪುರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತೆಂದರೆ ಹಸೆಗೋಡೆ ಚಿತ್ತಾರ ಬರೆಯುತ್ತಾರೆ. ಗಂಡಿನ ಮನೆಯಲ್ಲೂ ಬರೆಯುತ್ತಾರೆ, ಹೆಣ್ಣಿನ ಮನೆಯಲ್ಲೂ ಬರೆಯುತ್ತಾರೆ. ಬರೆಯುವವರು ಹೆಂಗಸರು. ಅದನ್ನು ಹತ್ತಿರ ಕೂತು ನೋಡಿದವರಿಗೆ ಮರೆಯುವುದು ಕಷ್ಟ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ನೆನೆಹಾಕಿ ನುಣ್ಣಗೆ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕಪ್ಪಗೆ ಹುರಿದು ಅರೆದರೆ ಕರಿ, ಗುರಿಗೆ ಕಾಯಿಯಿಂದ ಹಳದಿ. ಕುಂಚ ಎಂದರೆ ಪುಂಡಿ ನಾರು. ತುದಿ ಜಜ್ಜಿ ಬೆರಳಿಗೆ ಬೇಕಾದಷ್ಟು ಸಣ್ಣಗೆ ಮಾಡಿಕೊಳ್ಳುತ್ತಾರೆ. ಆ ನಾರನ್ನು ಬಣ್ಣದಲ್ಲಿ ಅದ್ದಿ ಗೋಡೆಯ ಮೇಲೆ ಉದ್ದಕ್ಕೆ ಮಲಗಿಸಿ ಎಳೆದಾಗ, ಅಡಿಪಟ್ಟಿಯಿಲ್ಲದೆ, ಪೆನ್ಸಿಲ್ ಗುರುತಿಲ್ಲದೆ, ನೆಟ್ಟಗೆ ಒಂದು ಗೆರೆ. ಅದರ ಪಕ್ಕಕ್ಕೆ ಇನ್ನೊಂದು. ಗೆರೆಗೆ ಗೆರೆ ಸೇರಿ ಚೌಕ, ಚೌಕದೊಳಗೆ ಮುಕ್ಕೋನ. ಬರೆಯುತ್ತ ಹಾಡುತ್ತಾರೆ, ಪಕ್ಕದಲ್ಲಿ ಕೂತ ಚಿಕ್ಕ ಹುಡುಗಿಗೆ ಅಂಚಿನ ಚುಕ್ಕಿ ಇಡಲು ಬಿಡುತ್ತಾರೆ. ಮದುವೆಯಾಗುವ ಹುಡುಗಿಗಾಗಿ ಇಷ್ಟು ಜನ ಇಷ್ಟು ಹೊತ್ತು ಕೈಯಾಡಿಸಿದ್ದಾರೆ ಎಂಬುದು ಆ ಗೋಡೆಯ ಮೇಲೆ ಉಳಿಯುತ್ತದೆ, ಮಳೆಗಾಲ ಕಳೆದರೂ.

ಈಗ ಅದೇ ಚಿತ್ತಾರವನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಫ್ಲೆಕ್ಸ್ ಮೇಲೆ ಅಚ್ಚು ಹಾಕಿ ‘ದೇಸಿ ಥೀಮ್’ ಎಂದು ಸ್ಟೇಜಿನ ಹಿಂದೆ ಬಿಗಿಯುತ್ತಾರೆ. ಬರೆದ ಹೆಂಗಸಿಗೆ ಅದು ಗೊತ್ತೂ ಇರುವುದಿಲ್ಲ, ಒಂದು ರೂಪಾಯಿ ತಲುಪಿರುವುದೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಥರ್ಮಾಕೋಲ್ ನವಿಲಿಗಿಂತ ದೊಡ್ಡ ಅನ್ಯಾಯ. ನವಿಲು ಯಾರ ಕೈಯಿಂದಲೂ ಕದ್ದದ್ದಲ್ಲ. ನಿಮಗೆ ಚಿತ್ತಾರ ಬೇಕೇ? ಬರೆಯುವವರನ್ನು ಕರೆಸಿ. ಬಸ್ಸಿನ ಖರ್ಚು, ಇಳಿಯಲು ಒಂದು ಒಳ್ಳೆಯ ಕೋಣೆ, ಕೇಳಿದಷ್ಟು ಕೂಲಿ ಕೊಡಿ. ಮದುವೆಯ ಮನೆಗೆ ಬಂದ ಹಿರಿಯರಿಗೆ ಹೇಗೆ ಎಲೆ ಹಾಕುತ್ತೀರೋ ಹಾಗೆ ಅವರಿಗೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿ. ಅಷ್ಟಾಗದಿದ್ದರೆ ಚಿತ್ತಾರದ ಹೆಸರೆತ್ತಬೇಡಿ. ಬರಿಯ ಬಿಳಿ ಗೋಡೆ, ಎರಡು ಬಾಳೆಕಂಬ ಸಾಕು.

ಒಂದು ಮದುವೆಯ ಹಿಂದೆ ಒಂದು ಊರೇ ಬದುಕುತ್ತಿತ್ತು. ಕುಂಬಾರರ ಮನೆಯಿಂದ ಬಣ್ಣದ ಗೆರೆ ಬರೆದ ಐರಣಿ ಮಡಕೆಗಳನ್ನು ವಾಲಗದೊಂದಿಗೆ ತರುತ್ತಿದ್ದರು, ಕುಂಬಾರನಿಗೆ ಅಕ್ಕಿ, ಬೆಲ್ಲ, ಬಟ್ಟೆ ಕೊಟ್ಟು. ಮೇದಾರರ ಮೊರ ಬೇಕು, ಬುಟ್ಟಿ ಬೇಕು. ಬಳೆಗಾರ ಬಂದು ಕೂರದೆ ಬಳೆ ಶಾಸ್ತ್ರವಿಲ್ಲ. ಸಾಗರ, ಸೊರಬದ ಗುಡಿಗಾರರನ್ನು ನಾವು ಗಂಧದ ಕೆತ್ತನೆಗಾಗಿ ಹೊಗಳುತ್ತೇವೆ. ಅವರ ಕೈಯಲ್ಲೇ ಬಾಸಿಂಗವೂ ಹುಟ್ಟುತ್ತದೆ ಎಂಬುದು ಎಷ್ಟು ಜನಕ್ಕೆ ನೆನಪಿದೆ? ನೀರಿನಲ್ಲಿ ಬೆಳೆಯುವ ಬೆಂಡಿನ ಗಿಡದ ದಂಟನ್ನು ಒಣಗಿಸಿ, ಹರಿತವಾದ ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಸುಲಿದು, ಆ ಹಾಳೆಯನ್ನು ಮಡಿಸಿ ಸುತ್ತಿ ಕತ್ತರಿಸಿ ಹೂವಿನ ಎಸಳು ಮಾಡುತ್ತಾರೆ. ಕೈಯಲ್ಲಿಟ್ಟರೆ ಭಾರವೇ ಗೊತ್ತಾಗದು. ಮದುಮಗನ ಹಣೆಗೆ ಕಟ್ಟಿದರೆ ದಿನವಿಡೀ ಬಾಡದು, ಬಿಸಾಕಿದರೆ ಮಣ್ಣಾಗುತ್ತದೆ. ಥರ್ಮಾಕೋಲ್ ಏನೇನು ಕೆಲಸಕ್ಕೆ ಬರುತ್ತದೆಂದು ನಾವು ತರುತ್ತೇವೋ ಆ ಎಲ್ಲ ಕೆಲಸಕ್ಕೂ ಬೆಂಡು ಬರುತ್ತದೆ. ಹಗುರ, ಬಿಳಿ, ಹೇಳಿದಂತೆ ಕೇಳುವ ವಸ್ತು ನಮ್ಮ ಕೆರೆಯಲ್ಲೇ ಇರುವಾಗ ವಿಷದ ಬಿಳುಪಿಗೆ ದುಡ್ಡು ಕೊಡುತ್ತಿದ್ದೇವೆ. ಅಂಗಡಿಗಳಲ್ಲಿ ಜರಿಕಾಗದದ ಬಾಸಿಂಗ ಅಗ್ಗಕ್ಕೆ ಸಿಗುತ್ತದೆ, ನಿಜ. ಬೆಂಡಿನ ಬಾಸಿಂಗಕ್ಕೆ ಅದಕ್ಕಿಂತ ಹೆಚ್ಚು ಕೊಡಬೇಕಾದೀತು, ಅದೂ ನಿಜ. ಲಕ್ಷಗಟ್ಟಲೆ ಸುರಿಯುವ ಮದುವೆಯಲ್ಲಿ ಚೌಕಾಸಿ ಶುರುವಾಗುವುದು ಮಾತ್ರ ಹೀಗೆ ಕೈಯಲ್ಲಿ ಮಾಡಿ ಕೊಡುವವನ ಮುಂದೆಯೇ. ಡ್ರೋನ್ ಕ್ಯಾಮೆರಾದವರ ಮುಂದೆ ಯಾರೂ ತುಟಿ ಬಿಚ್ಚುವುದಿಲ್ಲ.

ಹೂವಿನ ಮಾತಿಗೆ ಬಂದರೆ, ನಮ್ಮಷ್ಟು ಪುಣ್ಯವಂತರು ಯಾರಿದ್ದಾರೆ? ಹಡಗಲಿಯ ಮಲ್ಲಿಗೆ, ಮೈಸೂರು ಮಲ್ಲಿಗೆ, ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ. ಶಂಕರಪುರದಲ್ಲಿ ಮೊಗ್ಗನ್ನು ಬಾಳೆನಾರಿನಲ್ಲೇ ಕಟ್ಟುತ್ತಾರೆ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಹೂವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೊಗ್ಗುಗಳನ್ನು ಒಬ್ಬಳ ಬೆರಳು ನಾರಿನಲ್ಲಿ ಸುತ್ತಿ ಬಿಗಿದಿರುತ್ತದೆ. ಈ ಎಣಿಕೆ ತಿಳಿದ ಮೇಲೆ ಹೂವಿನ ಬೆಲೆ ಹೆಚ್ಚಾಯಿತೆಂದು ಗೊಣಗಲು ನನಗೆ ಬಾಯಿ ಬರುವುದಿಲ್ಲ. ನಾರಿನಲ್ಲಿ ಪ್ಲಾಸ್ಟಿಕ್ ಇಲ್ಲ, ಹೂವಿನಲ್ಲಿ ಇಲ್ಲ, ಸುತ್ತಿ ಕೊಡುವ ಬಾಳೆಲೆಯಲ್ಲೂ ಇಲ್ಲ. ದೂರದೇಶದಿಂದ ಫ್ರಿಜ್‌ನಲ್ಲಿ ಬಂದ, ಪರಿಮಳವಿಲ್ಲದ ಹೂಗಳ ಬದಲು ಇದನ್ನು ಕೇಳಿ ಪಡೆಯಿರಿ. ಮಲೆನಾಡಿನವರಿಗೆ ಅಡಕೆಯ ಹಿಂಗಾರ ಇದೆ. ಹಾಳೆ ಸೀಳಿ ಬಿಡಿಸಿದರೆ ಮಂಟಪದ ಕಂಬಕ್ಕೆ ಇನ್ನೇನೂ ಬೇಡ.

ದುಡ್ಡಿನ ಮಾತನ್ನು ತಪ್ಪಿಸುವಂತಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆ ದಾರಿಯಲ್ಲಿ ಇಂದಿಗೂ ಹಲವರು ಮದುವೆಯಾಗುತ್ತಾರೆ, ಅವರಿಗೆ ನನ್ನ ನಮಸ್ಕಾರ. ಎಲ್ಲರೂ ಅಷ್ಟು ಸರಳವಾಗಬೇಕೆಂದು ನಾನು ಹೇಳುತ್ತಿಲ್ಲ. ಹಬ್ಬದ ಹಾಗೆ ಮದುವೆ ಮಾಡುವ ಆಸೆ ತಪ್ಪಲ್ಲ. ಆದರೆ ಎರಡು ಎಕರೆ ಜಮೀನಿರುವ ಅಪ್ಪ, ಪಕ್ಕದೂರಿನವರ ಸ್ಟೇಜ್ ನೋಡಿ, ತೋಟ ಅಡವಿಟ್ಟು ಅದೇ ಸ್ಟೇಜ್ ಬಾಡಿಗೆಗೆ ತರುತ್ತಾನಲ್ಲ, ಆ ಸಾಲಕ್ಕೆ ಉಳ್ಳವರೆಲ್ಲ ಸ್ವಲ್ಪ ಸ್ವಲ್ಪ ಹೊಣೆ. ಉಳ್ಳವರು ಮೊದಲು ಕೈಕೆಲಸದ ಚಪ್ಪರದ ಕೆಳಗೆ ಮಗಳನ್ನು ಧಾರೆ ಎರೆದು ಕೊಟ್ಟರೆ ಇಲ್ಲದವರ ಎದೆಯ ಭಾರ ಇಳಿಯುತ್ತದೆ. ಶುರುಮಾಡಬೇಕಾದವರು ಅವರು.

ಇಲ್ಲಿ ಗಂಡಸರಿಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಕೈಯಿಂದ ಮಾಡಿದ ಮದುವೆ ಎಂದರೆ ಅಮ್ಮ, ಅತ್ತಿಗೆ, ಚಿಕ್ಕಮ್ಮಂದಿರು ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಮದುವೆ ಎಂದಾಗಬಾರದು. ಹಳೆಯ ಕಾಲದ ಗುಣಗಾನ ಮಾಡುವವರು ಬಹಳ ಸಲ ಈ ಸತ್ಯವನ್ನು ನುಂಗಿಬಿಡುತ್ತಾರೆ. ಹೆಂಗಸರು ಅರೆದು, ಕಟ್ಟಿ, ಬಡಿಸಿ, ಬೆನ್ನು ನೋಯಿಸಿಕೊಂಡಾಗ ಜಗುಲಿಯ ಮೇಲೆ ಇಸ್ಪೀಟು ನಡೆಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಗಂಡ ಕಳೆದುಕೊಂಡವಳನ್ನು ಹಸೆಯ ಹತ್ತಿರಕ್ಕೆ ಬಿಡುತ್ತಿರಲಿಲ್ಲ, ಹಿತ್ತಿಲಿನ ಕೆಲಸಕ್ಕೆ ಮಾತ್ರ ಕರೆಯುತ್ತಿದ್ದರು. ಆ ಪದ್ಧತಿ ಮರಳಿ ಬರುವುದಾದರೆ ನನಗೆ ಈ ಕರೆಯೇ ಬೇಡ. ಹೂ ಕಟ್ಟುವುದನ್ನು ಮದುಮಗನೂ ಕಲಿಯಲಿ. ತೋರಣ ಅವನ ಗೆಳೆಯರು ಮಾಡಲಿ. ಒಂಟಿಯಾದ ಅತ್ತೆ, ಯಾರ ಮದುವೆಯಲ್ಲೂ ಮುಂದೆ ನಿಲ್ಲದ ಅತ್ತೆ, ಹಸೆಗೆ ಮೊದಲ ಗೆರೆ ಎಳೆಯಲಿ.

ಮದುವೆಯಾಗಲಿರುವ ಹುಡುಗ ಹುಡುಗಿಯರೇ, ಪ್ಲ್ಯಾನರ್ ತೋರಿಸುವ ಆಲ್ಬಂನಲ್ಲಿ ನಿಮ್ಮ ಮದುವೆ ಇಲ್ಲ. ಅಲ್ಲಿರುವುದು ನಿಮಗಿಂತ ಮೊದಲು ಮದುವೆಯಾದವರ ಮದುವೆ, ಹೆಸರು ಬದಲಿಸಿದ್ದು. ನಿಮ್ಮದೇ ಛಾಪು ಬೇಕೆಂದರೆ ನಿಮ್ಮ ಮನೆಯೊಳಗೇ ಹುಡುಕಿ. ಅಜ್ಜಿಯ ಇಳಕಲ್ ಸೀರೆಯ ಸೆರಗು ಮೇಕಟ್ಟಾಗುತ್ತದೆ. ಧಾರವಾಡದ ಕಡೆಯವರಾದರೆ ಮನೆಯಲ್ಲೊಬ್ಬರಿಗಾದರೂ ಕಸೂತಿಯ ಗಾವಂತಿ, ಮುರ್ಗಿ ಹೊಲಿಗೆ ಬರುತ್ತಿರಬಹುದು. ಅಂತರಪಟದ ಅಂಚಿಗೆ ಅವರಿಂದ ಒಂದು ಸಾಲು ಹಾಕಿಸಿಕೊಳ್ಳಿ. ಲಗ್ನಪತ್ರಿಕೆಯ ಒಕ್ಕಣೆಯನ್ನು ಅಪ್ಪನ ಕೈಬರಹದಲ್ಲೇ ಬರೆಸಿ ಅಚ್ಚು ಹಾಕಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಚಪ್ಪರ ಎಲ್ಲಿ ಹಾಕುವುದು ಎನ್ನುವಿರಾ? ಹಿಂದಿನ ಭಾನುವಾರ ಹಾಲ್‌ನಲ್ಲಿ ಜಮಖಾನೆ ಹಾಸಿ ಹತ್ತು ಜನ ಕೂತರೆ ಮಂಟಪಕ್ಕೆ ಬೇಕಾದ ಗರಿಯ ಗಿಳಿ, ಕಾಗದದ ಹೂವು ಅಷ್ಟೂ ಆಗುತ್ತದೆ. ರಜೆ ಇಲ್ಲ ಎನ್ನಬೇಡಿ. ಪ್ರೀ ವೆಡ್ಡಿಂಗ್ ಶೂಟಿಂಗಿಗೆ ಸಿಕ್ಕಿದ ರಜೆ ಇದಕ್ಕೂ ಸಿಗುತ್ತದೆ.

ಕಲ್ಯಾಣ ಮಂಟಪದ ಮಾಲೀಕರೇ, ಡೆಕೊರೇಷನ್ ನಮ್ಮವರದ್ದೇ ಆಗಬೇಕೆಂಬ ಷರತ್ತನ್ನು ದಯವಿಟ್ಟು ಬಿಡಿ. ಚಪ್ಪರ ಹಾಕಿಕೊಳ್ಳುತ್ತೇವೆ ಎಂದು ಬಂದವರಿಗೆ ಹಿಂದಿನ ದಿನ ಮಧ್ಯಾಹ್ನವೇ ಬಾಗಿಲು ತೆಗೆಯಿರಿ. ಥರ್ಮಾಕೋಲ್ ಒಳಗೆ ಬರುವಂತಿಲ್ಲ ಎಂದು ಬುಕಿಂಗ್ ರಶೀದಿಯ ಮೇಲೆಯೇ ಅಚ್ಚು ಮಾಡಿಸಿ. ಹೇಗೂ ಅದು ಕಾನೂನು. ಅಲಂಕಾರದ ಕೆಲಸದಲ್ಲಿರುವ ಹುಡುಗರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಏಣಿಯ ತುದಿಯಲ್ಲಿ ನಿಂತು ಕಟ್ಟುವ ಕೈ ಅವರದು, ಎಂಥ ಗಂಟೂ ಗೊತ್ತಿರುವ ಕೈ. ಅವರಿಗೆ ಗರಿ, ಬಿದಿರು, ಬೆಂಡು, ಹತ್ತಿ ಬಟ್ಟೆ ಕೊಟ್ಟು ಕೇಳಿ, ಎಷ್ಟು ಚೆಂದ ಮಾಡುತ್ತಾರೆ ನೋಡಿ. ನಾವು ಕೇಳಲಿಲ್ಲ, ಅವರು ಮಾಡಲಿಲ್ಲ.

ಮಾಘದಲ್ಲೋ ವೈಶಾಖದಲ್ಲೋ ನಿಮ್ಮ ಮನೆಯಲ್ಲಿ ಲಗ್ನ ಇದ್ದರೆ ಛತ್ರ ಗೊತ್ತುಮಾಡಿದ ದಿನವೇ ಇನ್ನೂ ಎರಡು ಫೋನ್ ಮಾಡಿ. ಒಂದು ಕುಂಬಾರರಿಗೆ: ಮಡಕೆ ತಿದ್ದಬೇಕು, ಒಣಗಬೇಕು, ಆವಿಗೆಯಲ್ಲಿ ಬೇಯಬೇಕು, ಆಮೇಲೆ ಬಣ್ಣ. ಇನ್ನೊಂದು ಬಾಸಿಂಗ ಕಟ್ಟುವವರಿಗೆ, ಮುಂಗಡ ಕೊಟ್ಟೇ ಹೇಳಿ. ವಾರದ ಮುಂಚೆ ಹೇಳಿದರೆ ಅವರು ಆಗುವುದಿಲ್ಲ ಎನ್ನುತ್ತಾರೆ, ಆಗ ನೀವು ಮತ್ತೆ ಜರಿಕಾಗದದ ಅಂಗಡಿಗೇ ಹೋಗಬೇಕಾಗುತ್ತದೆ.