ಕರ್ರಗಾದ ಕಡಗಕ್ಕೆ ಮೂಸೆಯ ಶಿಕ್ಷೆಯೇ?



ಕಳೆದ ವಾರ ವಾಡಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಸರ್, ಅವ್ವನ ಬೆಳ್ಳಿ ಕಡಗ ಕರ್ರಗಾಗ್ಯಾವ್ರಿ. ಹ್ಯಾಂಗೂ ರೇಟ್ ಏರ್ಯಾದ, ಕರಗಿಸಿ ಮಗಳಿಗಿ ಹೊಸಾ ಚೈನ್ ಮಾಡಸ್ತೀನ್ರಿ" ಎಂದ. ಅವನೊಬ್ಬನದೇ ಮಾತಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಸೇಡಂ, ಶಹಾಬಾದ್, ಚಿಂಚೋಳಿ, ಎಲ್ಲಿಗೆ ಹೋದರೂ ಇದೇ ಮಾತು. 2025ರ ಡಿಸೆಂಬರಿನಲ್ಲಿ ಕಿಲೋ ಬೆಳ್ಳಿಯ ಬೆಲೆ ಎರಡು ಲಕ್ಷ ರೂಪಾಯಿ ದಾಟಿದ ಮೇಲಂತೂ ಪೆಟ್ಟಿಗೆಯ ತಳದ ಒಡವೆಗಳೆಲ್ಲ ತಕ್ಕಡಿಗೆ ಬಂದಿವೆ. ಅಡಚಣೆಯಿಂದ ಮಾರುವವರ ಬಗ್ಗೆ ನನ್ನ ತಕರಾರಿಲ್ಲ; ಕಷ್ಟಕಾಲಕ್ಕೆ ಆಗಲೆಂದೇ ಹಿರಿಯರು ಬೆಳ್ಳಿ ಕೂಡಿಟ್ಟರು. ಕಪ್ಪಾಯಿತೆಂಬ ಒಂದೇ ಕಾರಣಕ್ಕೆ ಕರಗಿಸುವವರೊಡನೆ ನನ್ನ ಜಗಳ.

ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡಿನಂತಹ ಗಂಧಕದ ಅನಿಲಗಳು ಬೆಳ್ಳಿಯೊಡನೆ ಕೂಡಿ, ಸಿಲ್ವರ್ ಸಲ್ಫೈಡ್ ಎಂಬ ತೆಳುವಾದ ಕಪ್ಪು ಪದರ ಉಂಟಾಗುತ್ತದೆ. ಒಳಗಿನ ಲೋಹ ಹಾಗೆಯೇ ಇರುತ್ತದೆ. ಕಪ್ಪಾದ ಬೆಳ್ಳಿ ಖೋಟಾ ಎನ್ನುವುದು ಅಜ್ಞಾನ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಅದನ್ನು ಬೇಗನೆ ಕಪ್ಪಾಗಿಸುವವರು ನಾವೇ. ರಬ್ಬರ್ ಬ್ಯಾಂಡ್ ಸುತ್ತಿ, ಉಣ್ಣೆಯ ಬಟ್ಟೆಯಲ್ಲಿ ಕಟ್ಟಿ ವರ್ಷಗಟ್ಟಲೆ ಇಡುತ್ತೇವೆ. ಅವೆರಡರಲ್ಲೂ ಗಂಧಕವಿದೆ! ಆಮೇಲೆ ಬೂದಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಕಪ್ಪಿನ ಜೊತೆಗೆ ಕುಸುರಿಯನ್ನೂ ಸವೆಸುತ್ತೇವೆ.

ಈ ತಪ್ಪು ನಾನೂ ಮಾಡಿದವನೇ. ಅವ್ವ ತೀರಿಕೊಂಡ ಮೇಲೆ ಆಕೆಯ ಕೈಗಡಗಗಳನ್ನು ಅಂಗಡಿಗೆ ಒಯ್ದೆ. ಜೋಳ ಬೀಸುವಾಗ ಬೀಸುಕಲ್ಲಿಗೆ ತಾಗಿ ತಾಗಿ ಒಂದು ಕಡಗದ ಮಗ್ಗುಲು ನುಣ್ಣಗೆ ಸವೆದಿತ್ತು. ಅಂಗಡಿಯವರು ತೂಕ ಹಿಡಿದರು, ಬೆಸುಗೆಗೆಂದು ಒಂದಿಷ್ಟು ಕಳೆದರು. ಆ ಸವೆತಕ್ಕೆ ಲೆಕ್ಕವೆಲ್ಲಿಂದ ಬರಬೇಕು? ಕ್ಷಣಮಾತ್ರದಲ್ಲಿ ಅದು ಗಟ್ಟಿಯಾಯಿತು. ಬದಲಿಗೆ ತಂದ ಗೆಜ್ಜೆ ಇಂದು ಎಲ್ಲಿದೆಯೋ ಮನೆಯಲ್ಲಿ ಯಾರಿಗೂ ತಿಳಿಯದು.

ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳ ಹಿರಿಯ ತಾಯಂದಿರ ಘೂಗರಿ, ಟೋಪ್ಲಿ, ನಾಣ್ಯದ ಸರಗಳನ್ನು ನೋಡಿ. ಅಂತಹ ಸರದಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಇದ್ದರೆ, ಮೂಸೆಯ ಪಾಲಿಗೆ ಅದು ಶೇಕಡಾ 82ರಷ್ಟು ಬೆಳ್ಳಿಯ ಚೂರು ಮಾತ್ರ. ನಮ್ಮ ಪಾಲಿಗೆ, 1948ರ ಸೆಪ್ಟೆಂಬರಿನವರೆಗೆ ಈ ನೆಲ ನಿಜಾಮರ ಆಳ್ವಿಕೆಯಲ್ಲಿತ್ತೆಂಬುದರ ಸಾಕ್ಷಿ.

ಹಾಗಾದರೆ ಮಾಡಬೇಕಾದದ್ದೇನು? ವಾಡಿ, ಶಹಾಬಾದಿನ ಮನೆಗಳಲ್ಲಿ ಸಿಮೆಂಟು ಮತ್ತು ಪರಸಿ ಕಲ್ಲಿನ ಧೂಳು ಇದ್ದದ್ದೇ. ಧೂಳಿನ ಮೇಲೆ ಒಣಬಟ್ಟೆ ಉಜ್ಜಿದರೆ ಮೆದುವಾದ ಬೆಳ್ಳಿಗೆ ಗೀರು ಬೀಳುತ್ತದೆ. ಮೊದಲು ನೀರಲ್ಲಿ ಜಾಲಿಸಿ, ಸೌಮ್ಯ ಸಾಬೂನಿನಿಂದ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒರೆಸಿ ಪೂರ್ತಿ ಒಣಗಿಸಿರಿ. ಕಪ್ಪು ಗಾಢವಾಗಿದ್ದರೆ ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಒಡವೆ ಅದಕ್ಕೆ ತಾಗುವಂತಿಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹಾಕಿರಿ. ಗಂಧಕವು ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ. ಒಳಗೆ ಅರಗು ತುಂಬಿದ, ಹರಳು ಕೂಡಿಸಿದ, ದಾರದಲ್ಲಿ ಪೋಣಿಸಿದ ಒಡವೆಗಳಿಗೆ ಮಾತ್ರ ಬಿಸಿನೀರು ಬೇಡ. ಕುಸುರಿಯ ಸಂದಿನ ಕಪ್ಪನ್ನು ಹಾಗೆಯೇ ಬಿಡಿರಿ. ಚಿತ್ತಾರ ಎದ್ದು ಕಾಣುವುದು ಅದರಿಂದಲೇ. ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ಇಡಿರಿ. ಇದೆಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಹಾಕಿಕೊಳ್ಳುವುದು! ದಿನವೂ ಮೈಗೆ ತಾಗುವ ಬೆಳ್ಳಿ ತಾನಾಗಿಯೇ ಹೊಳೆಯುತ್ತದೆ.

ವಾಡಿಯ ಶಿಷ್ಯನಿಗೆ ನನ್ನ ಮಾತು ಇಷ್ಟೇ: ಅಂಗಡಿಗೆ ಹೋಗುವ ಮೊದಲು ಭಾನುವಾರ ಚಿತ್ತಾಪುರಕ್ಕೆ ಬಾ. ಕಡಗಗಳ ಜೊತೆಗೆ ಮಗಳನ್ನೂ ಕರೆದುಕೊಂಡು ಬಾ. ನಾವು ಮೂವರೂ ಕೂತು ತೊಳೆಯೋಣ. ಅನಂತರವೂ ಕರಗಿಸಬೇಕೆನಿಸಿದರೆ, ಅದನ್ನು ಆ ಹುಡುಗಿಯೇ ಹೇಳಲಿ.