ಗುಂಗುರು ಕೂದಲಿನ ಹೊಣೆ

ಪೂಡಲ್ ಎಂದರೆ ಸಿರಿವಂತರ ಮಡಿಲಿನ ಗೊಂಬೆಯೆಂಬ ಭಾವನೆ ಬೇರೂರಿದೆ. ಮೂಲತಃ ಅದು ಬೇಟೆಗಾರ ಹೊಡೆದ ಬಾತುಗಳನ್ನು ನೀರಿಗಿಳಿದು ತರುತ್ತಿದ್ದ ದುಡಿಮೆಯ ನಾಯಿ. ಇಂದು ವಿಚಿತ್ರವಾಗಿ ಕಾಣುವ ಅದರ ಕ್ಷೌರವೂ ಈಜು ಹಗುರಾಗಲಿ, ಎದೆ ಮತ್ತು ಕೀಲುಗಳು ಬೆಚ್ಚಗಿರಲಿ ಎಂದೇ ರೂಢಿಗೆ ಬಂದುದು.

ಮಿನಿಯೇಚರ್ ಪೂಡಲ್ ಭುಜದವರೆಗೆ 28ರಿಂದ 35 ಸೆಂ.ಮೀ. ಎತ್ತರವಿರುತ್ತದೆ. ಬುದ್ಧಿ ಬಲು ಚುರುಕು. ಒಂಟಿಯಾಗಿ ಕಟ್ಟಿಹಾಕಿದರೆ ಬೊಗಳಿ ಕಂಗೆಡುತ್ತದೆ. ಕೂದಲು ಉದುರುವುದು ತೀರ ಕಡಿಮೆಯೆಂದು ಮಾರುವವರು ಹೇಳುತ್ತಾರೆ, ಅದು ನಿಜ. ಉದುರದ ಕೂದಲು ಬೆಳೆಯುತ್ತಲೇ ಇದ್ದು, ಬಾಚದಿದ್ದರೆ ಜಡೆಗಟ್ಟುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆ ಒದ್ದೆ ಜಡೆಯಡಿ ಚರ್ಮ ಹುಣ್ಣಾದೀತು, ಉಣುಗು ಅಡಗೀತು, ಜೋತ ಕಿವಿಯೊಳಗೆ ಸೋಂಕು ತಗುಲೀತು. ನಿತ್ಯ ಬಾಚಣಿಗೆ, ಆರು ವಾರಕ್ಕೊಮ್ಮೆ ಕತ್ತರಿ, ಹೀಗೆಯೇ 12–15 ವರ್ಷ. ನಾಯಿಗೆ ಕ್ಷೌರ ಮಾಡುವವರು ಇರುವುದು ಪೇಟೆಯಲ್ಲಿ; ಹಳ್ಳಿಯಲ್ಲಿ ಆ ಕೆಲಸ ಮನೆಯವರದೇ.

ಇದನ್ನು ಒಪ್ಪಿದವರು ಸಾಕಲಿ. ಆದರೆ ಮರಿಯ ತಾಯಿಯನ್ನು ನೋಡದೆ, ತಂದೆತಾಯಿಗಳ ಕಣ್ಣಿನ ತಪಾಸಣೆಯ ವಿವರ ಕೇಳದೆ ಹಣ ಕೊಡಕೂಡದು. ಕ್ರಮೇಣ ಕುರುಡಾಗಿಸುವ ಆನುವಂಶಿಕ ರೋಗವೊಂದು ಈ ತಳಿಯಲ್ಲಿದೆ. ಬಾಚಲು ಪುರುಸೊತ್ತಿಲ್ಲದ ಮನೆಗೆ ಊರನಾಯಿಯ ಮರಿಯೇ ಲೇಸು. ಚಿರತೆ ಸುಳಿಯುವ ಊರುಗಳಲ್ಲಿ ಯಾವ ನಾಯಿಯನ್ನಾದರೂ ರಾತ್ರಿ ಒಳಗೇ ಮಲಗಿಸತಕ್ಕದ್ದು.