ಕಣ್ಣೀರು ಬರಲಿಲ್ಲ ಎಂಬ ತೀರ್ಪು

ಕಾಲೇಜು ನಾಟಕಗಳಿಗೆ ಅಂಕ ಹಾಕುವವರ ಮೇಲೆ ಈ ಪತ್ರಿಕೆಗೆ ಬಹಳ ದಿನಗಳ ಸಿಟ್ಟಿದೆ. ಈ ಸಲ ಅದನ್ನು ಹೇಳಿಯೇ ಬಿಡುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹುಡುಗ ಹುಡುಗಿಯರು ರಾಜಕೀಯ ನಾಟಕ ಆಡಿದರೆ ಅವರಿಗೆ ಸಿಗುವ ಷರಾ ಎರಡೇ ಬಗೆಯದು. ‘ವಿಷಯ ಚೆನ್ನಾಗಿದೆ, ಪಾತ್ರದಲ್ಲಿ ಲೀನರಾಗಲಿಲ್ಲ, ಕಣ್ಣೀರು ಬರಲಿಲ್ಲ’ ಎಂಬುದು ಒಂದು. ‘ಬ್ರೆಕ್ಟ್ ಶೈಲಿ, ಶಭಾಷ್’ ಎಂಬುದು ಇನ್ನೊಂದು. ಮೊದಲನೆಯವರು ಕರವಸ್ತ್ರ ಒದ್ದೆಯಾಯಿತೇ ಎಂದು ನೋಡುತ್ತಾರೆ. ಎರಡನೆಯವರಿಗೆ ನಟ ಸಭೆಯ ಕಡೆ ತಿರುಗಿ ಮಾತಾಡಿದರೆ, ನಡುವೆ ಒಂದು ಹಾಡು ಬಂದು ಯಾರೋ ರಟ್ಟಿನ ಬೋರ್ಡು ಎತ್ತಿ ಹಿಡಿದರೆ ಸಾಕು, ಜರ್ಮನ್ ನಾಟಕಕಾರ ಬ್ರೆಕ್ಟ್ ಹೇಳಿದ ದೂರೀಕರಣ, ಅಂದರೆ ನೋಡುವವರು ಕಥೆಯಲ್ಲಿ ಮುಳುಗದೆ ದೂರ ನಿಂತು ಯೋಚಿಸುವಂತೆ ಮಾಡುವ ಏಲಿಯನೇಷನ್, ಆಯಿತು. ಆ ಮಕ್ಕಳು ಏನು ಕೇಳಿದರು, ಯಾರನ್ನು ಕೇಳಿದರು ಎಂಬುದು ಇಬ್ಬರ ಕಿವಿಗೂ ಬಿದ್ದಿರುವುದಿಲ್ಲ.

ಈಚೆಗೆ ನಮ್ಮ ಸೀಮೆಯ ಪದವಿ ಕಾಲೇಜೊಂದರ ತಂಡ ಗುಳೆಯ ಬಗ್ಗೆ ಅರ್ಧ ಗಂಟೆಯ ನಾಟಕ ಆಡಿತು. ಒಂದು ಬೆಡ್‌ಶೀಟು, ಒಂದು ಹಲಗೆ, ಎರಡು ಪ್ಲಾಸ್ಟಿಕ್ ಕೊಡ. ದೃಶ್ಯ ಶುರುವಾಗುವ ಮೊದಲೇ ಒಬ್ಬ ಹುಡುಗ ಬಂದು ‘ಈಗ ಈ ಮನೆಗೆ ಬೀಗ ಬೀಳುತ್ತದೆ’ ಎಂಬ ಬೋರ್ಡು ತೋರಿಸಿ ಹೋದ. ಮುಂದೇನಾಗುತ್ತದೋ ಎಂಬ ಆತಂಕ ಅಲ್ಲಿಗೇ ತೀರಿತು. ಯಾಕಾಗುತ್ತದೆ ಎಂದು ನೋಡುವ ಪುರಸೊತ್ತು ಸಿಕ್ಕಿತು. ಮೊಮ್ಮಗುವನ್ನು ಕಟ್ಟಿಕೊಂಡು ಅಜ್ಜಿ ಒಬ್ಬಳೇ ಊರಲ್ಲಿ ಉಳಿಯುವ ಹೊತ್ತಿಗೆ ಸಭೆ ಅಳಲು ತಯಾರಾಗಿ ಕೂತಿತ್ತು. ಅಷ್ಟರಲ್ಲಿ ಮೇಸ್ತ್ರಿ ಪಾತ್ರ ಮಾಡುತ್ತಿದ್ದ ಹುಡುಗಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಜೇಬಿನ ಪಾಕೆಟ್ ಬುಕ್ ತೆಗೆದು ಲೆಕ್ಕ ಓದಿದಳು. ಮುಂಗಡ ಇಷ್ಟು, ಬಸ್ ಚಾರ್ಜು ಇಷ್ಟು, ಜ್ವರ ಬಂದು ಮಲಗಿದ ದಿನಕ್ಕೆ ಮುರಿದದ್ದು ಇಷ್ಟು. ಆಮೇಲೆ ತನ್ನದೇ ದನಿಯಲ್ಲಿ, ‘ಈ ಮೇಸ್ತ್ರಿ ಎಲ್ಲಿಂದನೋ ಬಂದೋನಲ್ಲರೀ, ನಮ್ಮೋನೇ. ನಿಮ್ಮ ಓಣ್ಯಾಗೂ ಒಬ್ಬ ಅದಾನ. ಅವನ ಮಗಳ ಮದುವ್ಯಾಗ ನೀವು ಉಂಡು ಬಂದೀರಿ’ ಅಂದಳು. ಮುಂದಿನ ಸಾಲಿನವರು ಕುರ್ಚಿಯಲ್ಲಿ ಅಲುಗಾಡಿದರು. ಹಿಂದಿನಿಂದ ಯಾರೋ ‘ಖರೇ ಐತವ್ವಾ’ ಎಂದು ಕೂಗಿದರು. ನಾಟಕದ ಜೀವ ಇದ್ದದ್ದು ಆ ಒಂದು ನಿಮಿಷದಲ್ಲಿ. ತೀರ್ಪುಗಾರರು ಅದನ್ನೇ ದೋಷವೆಂದು ಬರೆದರು: ಭಾವ ಕೂಡಿಬರುವ ಹೊತ್ತಿಗೆ ಓಟ ಕಡಿಯಿತಂತೆ.

ಆ ತಂಡದ ನಿಜವಾದ ತಪ್ಪು ಕೊನೆಯಲ್ಲಿತ್ತು. ಎಲ್ಲರೂ ಸಾಲಾಗಿ ನಿಂತು ಮುಷ್ಟಿ ಎತ್ತಿ, ಸರ್ಕಾರವನ್ನು ಬೈದು, ಜನರೇ ಎಚ್ಚೆತ್ತುಕೊಳ್ಳಿ ಎಂದು ಹಾಡಿದರು. ಸ್ವಲ್ಪ ಹೊತ್ತಿನ ಮುಂಚೆ ಕಟಕಟೆಯಲ್ಲಿ ನಿಂತಿದ್ದ ಸಭೆಗೆ ಖುಲಾಸೆ ಸಿಕ್ಕಿತು. ಚಪ್ಪಾಳೆ ಜೋರಾಗಿ ಬಿತ್ತು. ಅಂಕ ಬಿದ್ದದ್ದೂ ಅದಕ್ಕೇ.

ಇಷ್ಟಕ್ಕೂ ಭ್ರಮೆ ಒಡೆಯುವುದು ನಮ್ಮ ಕಡೆ ಯಾವ ಘನಕಾರ್ಯ? ಬಯಲಾಟದಲ್ಲಿ ಪಾತ್ರಧಾರಿ ಅಟ್ಟ ಹತ್ತಿದ ಕೂಡಲೇ ಸಾರಥಿ ಅವನನ್ನು ತಡೆದು, ನೀವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಕಿರೀಟ ಭುಜಕೀರ್ತಿ ತೊಟ್ಟ ಕೌರವ ತನ್ನ ಪರಿಚಯ ತಾನೇ ಹೇಳಿಕೊಳ್ಳಬೇಕು. ಪಕ್ಕದಲ್ಲೇ ಹಿಮ್ಮೇಳ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತದೆ. ಅದೇ ಸಾರಥಿ ಕೌರವನ ಎದುರಿಗೇ ಪಂಚಾಯಿತಿ ಎಲೆಕ್ಷನ್ನಿನ ಮಾತಾಡುತ್ತಾನೆ. ದ್ರೌಪದಿ ಗೋಳಾಡುತ್ತಿರುವಾಗ ಮೈಕಿನವನು ನಡುವೆ ಬಂದು, ಇಂಥವರು ಪಾತ್ರಧಾರಿಗೆ ಮೆಚ್ಚಿ 101 ರೂಪಾಯಿ ಆಯಾರ ಮಾಡಿದ್ದಾರೆ ಎಂದು ಸಾರುತ್ತಾನೆ. ದ್ರೌಪದಿ ನೋಟು ತೆಗೆದುಕೊಂಡು ಕೈಮುಗಿದು, ಬಿಟ್ಟ ಜಾಗದಿಂದ ಮತ್ತೆ ಅಳುತ್ತಾಳೆ. ಜನ ದುಃಖ ನಿಲ್ಲಿಸಿ ದುಡ್ಡು ನೋಡುತ್ತಾರೆ, ದುಡ್ಡು ನೋಡಿ ಮತ್ತೆ ದುಃಖಕ್ಕೆ ಮರಳುತ್ತಾರೆ. ಹೀಗೆ ಬೆಳಗಿನ ಜಾವದವರೆಗೂ ದೂರ ನಿಂತೇ ಆಟ ನೋಡುವ ಜನಕ್ಕೆ ನಟ ತಿರುಗಿ ಮಾತಾಡಿದ್ದೇ ದೊಡ್ಡ ಪ್ರಯೋಗ ಎನ್ನುವುದು ಕೊಟ್ಟೂರಿಗೆ ಬಂದು ತೇರು ಎಂದರೇನು ಎಂದು ಪಾಠ ಮಾಡಿದಂತೆ.

ಹಾಗಂತ ನಮ್ಮ ಬಯಲಾಟವೇ ಬ್ರೆಕ್ಟ್‌ಗಿಂತ ಮೊದಲು ಎಲ್ಲ ಮಾಡಿ ಮುಗಿಸಿತ್ತು ಎಂದು ಎದೆ ತಟ್ಟುವವರ ಜೊತೆಗೂ ನಾವಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಮಂಗಳಾರತಿ ಆಗುತ್ತದೆ, ಧರ್ಮ ಗೆಲ್ಲುತ್ತದೆ, ಗೌಡ ಗೌಡನಾಗಿ ಜೀತದವನು ಜೀತದವನಾಗಿ ಮನೆಗೆ ಹೋಗುತ್ತಾರೆ. ದೂರ ಅಲ್ಲಿ ಧಾರಾಳವಾಗಿದೆ. ಆ ದೂರದಿಂದ ನೋಡಿ ಲೋಕವನ್ನು ಪ್ರಶ್ನಿಸುವ ಉದ್ದೇಶ ಅಲ್ಲಿಲ್ಲ. ಬ್ರೆಕ್ಟ್ 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್ ಅವರ ಅಭಿನಯ ಕಂಡು ಬೆರಗಾದ. ಬೆರಗಾದರೂ, ಈ ಕೌಶಲ ಅಲ್ಲಿ ಬೇರೆ ಕೆಲಸಕ್ಕಿದೆ, ಸಮಾಜ ಬದಲಿಸುವ ಗರಜು ಇದ್ದವನು ಮಾತ್ರ ಇದರಿಂದ ಕಲಿತು ಲಾಭ ಮಾಡಿಕೊಂಡಾನು ಎಂಬ ಎಚ್ಚರ ಅವನಿಗಿತ್ತು. ನಮ್ಮಲ್ಲಿ ಆ ಗರಜಿನಿಂದ ಬಯಲಾಟಕ್ಕೆ ಕೈಹಾಕಿದವರು ಚಂದ್ರಶೇಖರ ಕಂಬಾರರು. 1972ರ ‘ಜೋಕುಮಾರಸ್ವಾಮಿ’ ಬಯಲಾಟದ ಮೈಯಲ್ಲಿ ಹೊಲ ಯಾರದು ಎಂಬ ಪ್ರಶ್ನೆ ಇಟ್ಟಿತು. ಗೇಣಿದಾರನಿಗೆ ಭೂಮಿ ಕೊಡುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಆ ನಾಟಕದಲ್ಲಿ ಸೂತ್ರಧಾರ ಇದ್ದಾನೆ, ಮೇಳ ಇದೆ ಎಂದು ಮೆಚ್ಚಿ ಹೊಲದ ಮಾತು ಬಿಟ್ಟ ವಿಮರ್ಶಕರನ್ನು ಆಗಲೂ ಕಂಡಿದ್ದೇವೆ, ಈಗಲೂ ಕಾಣುತ್ತಿದ್ದೇವೆ.

ಕಣ್ಣೀರಿನ ಪಕ್ಷಕ್ಕೆ ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಆಸ್ತಿಯೇ ಇದೆ. ಹೆಸರಾಂತ ನಟ ಬಳ್ಳಾರಿ ರಾಘವರ ಹೆಸರು ಹೇಳಿ, ನಟ ಪಾತ್ರವೇ ಆಗಿಬಿಡಬೇಕು ಎನ್ನುತ್ತಾರೆ. ರಾಘವರು ದೊಡ್ಡವರು, ಅದರಲ್ಲಿ ತಕರಾರಿಲ್ಲ. ಆದರೆ ಕಣ್ಣೀರಿಗೂ ಒಂದು ರಾಜಕೀಯ ಇದೆ. ದೇವದಾಸಿ ಪದ್ಧತಿಯ ಮೇಲೆ ಈ ತಾಲ್ಲೂಕುಗಳಲ್ಲಿ ಮಕ್ಕಳು ಆಡಿದ ನಾಟಕಗಳನ್ನೇ ನೋಡಿ. ಮುತ್ತು ಕಟ್ಟಿಸಿಕೊಂಡ ಹುಡುಗಿ ಅಳುತ್ತಾಳೆ, ತಾಯಿ ಅಳುತ್ತಾಳೆ, ಸಭೆ ಅಳುತ್ತದೆ, ಬಹುಮಾನ ಬರುತ್ತದೆ. ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾಯ್ದೆ 1982ರಲ್ಲೇ ಬಂದಿದೆ. ಆಮೇಲೂ ಅದು ನಡೆದಿದ್ದರೆ ಆ ದಿನ ಯಾರು ಯಾರು ಹಾಜರಿದ್ದರು, ಖರ್ಚು ಕೊಟ್ಟವರು ಯಾವ ಓಣಿಯವರು, ಅವರ ಮನೆಯ ಹೆಣ್ಣುಮಕ್ಕಳಿಗೆ ಆ ಮುತ್ತು ಯಾಕೆ ಬರಲಿಲ್ಲ? ಅಳುವವರಿಗೆ ಇದನ್ನು ಕೇಳಲು ಬಿಡುವಿರುವುದಿಲ್ಲ. ಅತ್ತು ಹಗುರಾದ ಸಭೆ ಮನೆಗೆ ಹೋಗಿ ನಿದ್ದೆ ಮಾಡುತ್ತದೆ.

ಇನ್ನು ನಿಯಮಗಳು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮಾವಳಿಯಲ್ಲಿ ಕಿರುಪ್ರಹಸನಕ್ಕೆ ಒಂದು ಷರತ್ತಿದೆ: ಕಹಿಯಾದ ಚುಚ್ಚುಮಾತು ಕೂಡದು, ನಿರುಪದ್ರವಿ ವಿಡಂಬನೆ ಇರಲಿ. ಉಪದ್ರವ ಕೊಡದ ವಿಡಂಬನೆ ಎಂದರೆ ಖಾರ ಹಾಕದ ಮಿರ್ಚಿ. ನಾಟಕಕ್ಕೆ ಅಂಕ ಕೊಡಲು ಹೇಳಿರುವುದು ವಸ್ತು, ಅಭಿನಯ, ರಂಗಸಜ್ಜಿಕೆ, ವಿನ್ಯಾಸ, ಒಟ್ಟು ಪರಿಣಾಮ. ನೋಡಿದವರು ಏನು ಯೋಚಿಸಿದರು ಎಂಬುದಕ್ಕೆ ಅಲ್ಲಿ ಕಲಂ ಇಲ್ಲ. ಅದನ್ನು ‘ಒಟ್ಟು ಪರಿಣಾಮ’ದಲ್ಲಿ ಸೇರಿಸಬಹುದಲ್ಲ ಎಂದರೆ, ಅದರಲ್ಲಿ ಚಪ್ಪಾಳೆಯ ಸದ್ದನ್ನಷ್ಟೇ ಅಳೆಯುವುದು ರೂಢಿಯಾಗಿದೆ.

ಅಂಕದವರು ತಪ್ಪಿದರೆ ಬಹುಮಾನವಷ್ಟೇ ಹೋಗುತ್ತದೆ. ಬೀದರಿನಲ್ಲಿ ಮಕ್ಕಳ ನಾಟಕವನ್ನು ಪೊಲೀಸರೇ ವಿಮರ್ಶೆ ಮಾಡಿದರು. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಮೇಲೆ ಆಡಿದ ನಾಟಕಕ್ಕೆ ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿಯೂ ಮಗುವೊಂದರ ತಾಯಿಯೂ ಜೈಲಿಗೆ ಹೋದರು. ಸಮವಸ್ತ್ರದ ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ಕೂರಿಸಿ ವಿಚಾರಿಸಿದರು. ಹೈಕೋರ್ಟು ಕೇಸನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಸರ್ಕಾರದ ನೀತಿ ಟೀಕಿಸುವುದರಿಂದ ಮಕ್ಕಳನ್ನು ದೂರ ಇಡುವುದು ಲೇಸು ಎಂಬ ಬುದ್ಧಿಮಾತೂ ಆ ಆದೇಶದಲ್ಲಿತ್ತು. ಆ ಬುದ್ಧಿಮಾತನ್ನು ನಾವು ಒಪ್ಪುವುದಿಲ್ಲ. ಅದೇ 2023ರಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕಾಲೇಜೊಂದರ ವಿದ್ಯಾರ್ಥಿಗಳು ಅಂಬೇಡ್ಕರರನ್ನೂ ದಲಿತರನ್ನೂ ಗೇಲಿ ಮಾಡುವ ಕಿರುಪ್ರಹಸನ ಆಡಿ ಬಂಧನಕ್ಕೊಳಗಾದರು. ಬೀದರಿನ ಮಕ್ಕಳ ಪ್ರಶ್ನೆ ಮೇಲೆ ಕೂತವರಿಗಿತ್ತು, ಈ ತಂಡದ ಗೇಲಿ ಕೆಳಗೆ ನಿಂತವರ ಮೇಲೆ ಬಿತ್ತು. ಈ ವ್ಯತ್ಯಾಸ ಕಾಣದವರು ತೀರ್ಪು ಕೊಡಲು ಕೂರಬಾರದು.

ಹಾಗಾದರೆ ಮೌಲ್ಯಮಾಪನ ಹೇಗೆ ಎಂದು ಕೇಳುವವರು ಬರ್ಲಿನ್ನಿನ ಒಂದು ಶಾಲೆಯ ಕಥೆ ತಿಳಿಯಬೇಕು. 1930ರಲ್ಲಿ ಬ್ರೆಕ್ಟ್, ಕುರ್ಟ್ ವೈಲ್ ಸಂಗೀತದಲ್ಲಿ, ವಿದ್ಯಾರ್ಥಿಗಳೇ ಆಡಲೆಂದು ‘ಹೂಂ ಎಂದವನು’ ಎಂಬರ್ಥದ ಕಿರು ಒಪೆರಾ ಬರೆದ. ಮೂಲ ಜಪಾನಿನ ನೋ ನಾಟಕದ್ದು. ಕಾಯಿಲೆಯ ತಾಯಿಗೆ ಔಷಧಿ ತರಲು ಗುರುವಿನ ಜೊತೆ ಬೆಟ್ಟ ಹತ್ತಿದ ಹುಡುಗ ದಾರಿಯಲ್ಲಿ ತಾನೇ ಕಾಯಿಲೆ ಬೀಳುತ್ತಾನೆ, ಸಂಪ್ರದಾಯದಂತೆ ಅವನನ್ನು ಕಣಿವೆಗೆ ಎಸೆಯಬೇಕು, ಅದಕ್ಕೆ ಅವನೇ ಒಪ್ಪಿಗೆ ಕೊಡಬೇಕು, ಕೊಡುತ್ತಾನೆ. ನಾಟಕವನ್ನು ನಾಯ್‌ಕೋಲ್ನ್‌ನ ಕಾರ್ಲ್ ಮಾರ್ಕ್ಸ್ ಶಾಲೆಯ ಮಕ್ಕಳ ಮುಂದಿಟ್ಟಾಗ, ಅವನು ಯಾಕೆ ಒಪ್ಪಬೇಕು ಎಂದು ಅವರು ಪಟ್ಟು ಹಿಡಿದರು. ಬ್ರೆಕ್ಟ್ ಆ ಆಕ್ಷೇಪಗಳನ್ನು ಬರೆದಿಟ್ಟುಕೊಂಡು ನಾಟಕ ತಿದ್ದಿದ. ಅಷ್ಟಕ್ಕೇ ಬಿಡದೆ, ಹುಡುಗ ‘ಇಲ್ಲ’ ಎನ್ನುವ ಇನ್ನೊಂದು ನಾಟಕ ಬರೆದು, ಎರಡನ್ನೂ ಒಟ್ಟಿಗೆ ಆಡಿ ಎಂದ. ಇಂಥ ನಾಟಕವನ್ನು ಅಳೆಯುವ ಕ್ರಮ ಇದು. ಮೊದಲು ವಾದ, ಆಮೇಲೆ ಅಂಕ. ಸಾಧ್ಯವಾದರೆ ನಾಟಕವೇ ಬದಲಾಗಬೇಕು.

ಹಳ್ಳಿಯ ಪ್ರೇಕ್ಷಕರಿಗೆ ಇದು ತಲೆಗೆ ಹತ್ತುವುದಿಲ್ಲ ಎಂದು ರಾಜಧಾನಿಯ ನಮ್ಮ ಸಹೋದರ ಪತ್ರಿಕೆಗಳು ಬರೆಯುವುದುಂಟು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಹತ್ತಿ ಭವಿಷ್ಯವಾಗಿ ನುಡಿದ ಒಂದೇ ಸಾಲಿನ ಕಾರಣಿಕವನ್ನು ಮಳೆಗೆ, ಬೆಳೆಗೆ, ಮುಖ್ಯಮಂತ್ರಿಯ ಕುರ್ಚಿಗೆ ಹೊಂದಿಸಿ ತಿಂಗಳುಗಟ್ಟಲೆ ವಾದಿಸುವ ಜನ ಇವರು. ಇವರಿಗೆ ಅರ್ಥ ಬಿಡಿಸುವುದು ಬರುವುದಿಲ್ಲವೇ? ಅದೇ ಪತ್ರಿಕೆಗಳು ‘ಸಮುದಾಯ’ ರಂಗತಂಡದ ಕಾಲ ಮುಗಿಯಿತು, ರಾಜಕೀಯ ರಂಗಭೂಮಿ ಸತ್ತಿತು ಎಂದು ವರ್ಷಕ್ಕೊಮ್ಮೆ ತಿಥಿ ಮಾಡುತ್ತವೆ. 1975ರಲ್ಲಿ ಹುಟ್ಟಿದ ಸಮುದಾಯಕ್ಕೆ ಐವತ್ತು ತುಂಬಿದ ನೆಪದಲ್ಲಿ ಆ ಗೋಳು ಇನ್ನೂ ಜೋರಾಗಿದೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದದ್ದನ್ನು ನಿರ್ದೇಶಕ ಸಿ.ಜಿ.ಕೆ. ‘ಬೆಲ್ಚಿ’ ನಾಟಕವಾಗಿ ಬೀದಿಗೆ ತಂದರು, ಸಮುದಾಯದ 1979ರ ಜಾಥಾ ಊರೂರು ಸುತ್ತಿತು. ಅದನ್ನು ನಾವೂ ಗೌರವದಿಂದ ನೆನೆಯುತ್ತೇವೆ. ನೆನಪನ್ನೇ ಅಳತೆಗೋಲು ಮಾಡಿಕೊಂಡು ಇವತ್ತಿನ ಹುಡುಗಿಯ ಪಾಕೆಟ್ ಬುಕ್ ಲೆಕ್ಕವನ್ನು ಕಡೆಗಣಿಸುವುದು ಮಾತ್ರ ಬರೀ ವಯಸ್ಸಿನ ಅಹಂಕಾರ.

ತಂಡಗಳಿಗೂ ಒಂದು ಮಾತು. ಮಾತು ಬಾಯಿಪಾಠ ಆಗದಿದ್ದಕ್ಕೆ, ತಾಲೀಮು ತಪ್ಪಿಸಿದ್ದಕ್ಕೆ ‘ಸರ್, ಇದು ಏಲಿಯನೇಷನ್’ ಎನ್ನಬೇಡಿ. ಆ ಹುಡುಗಿ ಮೇಸ್ತ್ರಿಯನ್ನು ಬಿಟ್ಟು ಹೊರಬಂದದ್ದು ನಮಗೆ ತಟ್ಟಿದ್ದು, ಅದಕ್ಕೂ ಮೊದಲು ಅವನು ಕಿವಿಗೆ ಪೆನ್ನು ಸಿಕ್ಕಿಸುವುದನ್ನೂ ಎದುರಿನವರ ಮುಖ ನೋಡದೆ ನೋಟು ಎಣಿಸುವುದನ್ನೂ ಚಾಚೂ ತಪ್ಪದೆ ಮಾಡಿ ತೋರಿಸಿದ್ದರಿಂದ. ಒಳಗೆ ಹೋಗಲು ಬಾರದವನು ಹೊರಗೆ ಬಂದು ತೋರಿಸುವುದೇನು? ಇನ್ನೊಂದು, ಲೆಕ್ಕದಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಿ. ಜಾತಿಯ ವಿರುದ್ಧ ನಾಟಕ ಆಡುವ ತಂಡದಲ್ಲಿ ನಾಯಕನ ಪಾತ್ರ ಯಾವ ಓಣಿಯ ಹುಡುಗನಿಗೆ ಹೋಯಿತು, ಹಲಗೆ ಯಾರ ಕೈಗೆ ಬಂತು ಎಂದು ವೇದಿಕೆಯ ಮೇಲೆಯೇ ಕೇಳುವ ಧೈರ್ಯ ಇದ್ದರೆ, ಅದಕ್ಕಿಂತ ದೊಡ್ಡ ದೂರೀಕರಣ ಬೇಕಿಲ್ಲ.

ಇಂಥ ಧೈರ್ಯದ ಪ್ರಶ್ನೆ ಜಿಲ್ಲೆಯ ಮಟ್ಟದಲ್ಲೂ ಇದೆ. ಮೊದಲು ಹೆಸರಿಸಿದ ಐದು ತಾಲ್ಲೂಕುಗಳು 2021ರಿಂದ ಹಂಪಿಯ ಜೊತೆ ವಿಜಯನಗರ ಜಿಲ್ಲೆಯಲ್ಲಿವೆ. ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ, ಹಂಪಿ ಉತ್ಸವಕ್ಕೆ ಚಾಲನೆ ಕೊಟ್ಟ ಎಂ.ಪಿ. ಪ್ರಕಾಶ್ ಇವತ್ತಿದ್ದಿದ್ದರೆ, ಉತ್ಸವದ ದುಡ್ಡು ಸಿನಿಮಾ ಹಾಡಿನ ರಾತ್ರಿಗಳಿಗೆ ಹರಿಯುವುದನ್ನು ಕಂಡು ಸುಮ್ಮನಿರುತ್ತಿದ್ದರೇ ಎಂದು ಕೇಳುವ ಹಕ್ಕು ನಮ್ಮ ಮಕ್ಕಳಿಗಿದೆ.



ಪ್ರಾಂಶುಪಾಲರಿಗೆ, ಸಂಘಟಕರಿಗೆ ನಮ್ಮ ಮನವಿ ಇಷ್ಟೇ. ಮುಂದಿನ ಸ್ಪರ್ಧೆಯಲ್ಲಿ ಪ್ರತಿ ನಾಟಕ ಮುಗಿದ ಮೇಲೆ ಹದಿನೈದು ನಿಮಿಷ ಮೈಕನ್ನು ಸಭೆಗೆ ಕೊಡಿ. ತೀರ್ಪುಗಾರರು ಬಾಯಿ ಮುಚ್ಚಿ ಕೇಳಲಿ. ಅದು ಮುಗಿಯುವವರೆಗೆ ಅಂಕಪಟ್ಟಿಯನ್ನು ಅವರ ಕೈಗೆ ಕೊಡಬೇಡಿ.